ರೆಫರಲ್ ಚೀಟಿಯಲ್ಲಿ ಉಸಿರಿನ ಎಣಿಕೆ ಇರಲಿ: ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ಬಹಿರಂಗ ಪತ್ರ

ಉತ್ತರ ಕನ್ನಡದ ಮಾನ್ಯ ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳಿಗೆ,

ಘಟ್ಟದ ಮೇಲಿನಿಂದ ಕಾರವಾರದ ಇಲ್ಲವೇ ಮಣಿಪಾಲದ ದೊಡ್ಡಾಸ್ಪತ್ರೆಗೆ ಹೊರಡುವ ರೋಗಿಯ ಕೈಗೆ ಕೊಡುವ ರೆಫರಲ್ ಚೀಟಿಯಲ್ಲಿ ಬಿಪಿ, ನಾಡಿ, ಆಕ್ಸಿಜನ್ ಎಲ್ಲ ಇರುತ್ತವೆ. ಉಸಿರಾಟದ ಜಾಗ ಎಷ್ಟೋ ಸಲ ಖಾಲಿ, ಇಲ್ಲವೇ 18 ಎಂಬ ಕಣ್ಣಂದಾಜು. ಅಲ್ಲಿ ಎಣಿಸಿ ಬರೆದ ಅಂಕಿ ಕಡ್ಡಾಯವಾಗಬೇಕೆಂಬುದು ನಮ್ಮ ಮನವಿ.

ಪೂರ್ತಿ ಒಂದು ನಿಮಿಷ ಎಣಿಸಬೇಕು. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದರೆ ಒಂದು ಉಸಿರು ತಪ್ಪಿದರೂ ನಾಲ್ಕು ತಪ್ಪುತ್ತದೆ. ಏರಿ, ಇಳಿದು, ಕೆಲ ಹೊತ್ತು ನಿಂತೇಬಿಡುವ ಚೇಯ್ನ್-ಸ್ಟೋಕ್ಸ್ ಉಸಿರಾಟವಂತೂ ಕಣ್ಣಿಗೇ ಬೀಳದು. ಹೃದಯ ಸೋತವರಲ್ಲಿ, ಪಾರ್ಶ್ವವಾಯು ಬಡಿದವರಲ್ಲಿ ಅದನ್ನು ಕಾಣಬಹುದು. ನಾಡಿ ಹಿಡಿದುಕೊಂಡೇ ಎದೆ ನೋಡಲಿ. ಎಣಿಸುತ್ತಿದ್ದಾರೆಂದು ರೋಗಿಗೆ ತಿಳಿದರೆ ಉಸಿರಿನ ಗತಿ ಬದಲಾಗುತ್ತದೆ.

ದೊಡ್ಡವರಿಗೆ 12ರಿಂದ 20 ಸಹಜ. 25 ಮುಟ್ಟಿದರೆ, 8ಕ್ಕೆ ಇಳಿದರೆ ವೈದ್ಯರು ತಕ್ಷಣ ನೋಡಬೇಕು. ಮಕ್ಕಳಲ್ಲಿ ಎರಡು ತಿಂಗಳೊಳಗೆ 60, ವರ್ಷದೊಳಗೆ 50, ಐದು ವರ್ಷದೊಳಗೆ 40 ಅಥವಾ ಹೆಚ್ಚಿದ್ದರೆ ವೇಗದ ಉಸಿರು.

ಕೋವಿಡ್ ಬಂದುಹೋದ ಮೇಲೆ ಪಲ್ಸ್ ಆಕ್ಸಿಮೀಟರ್ ಮೇಲೆ ಅತಿಯಾದ ಭರವಸೆ ಕೂತಿದೆ. ಸಕ್ಕರೆ ಕಾಯಿಲೆಯವರ ರಕ್ತದಲ್ಲಿ ಕೀಟೋನ್ ಆಮ್ಲ ಏರಿದಾಗ, ಅದನ್ನು ತಗ್ಗಿಸಲು ದೇಹ ಇಂಗಾಲದ ಡೈಆಕ್ಸೈಡನ್ನು ಹೊರದಬ್ಬುತ್ತದೆ. ಉಸಿರು ಆಳವಾಗಿ, ಬಿಡುವಿಲ್ಲದೆ ನಡೆಯುತ್ತದೆ. ಇದು ಕುಸ್ಮಾಲ್ ಉಸಿರಾಟ. ಆಕ್ಸಿಮೀಟರ್ ಮಾತ್ರ 98 ತೋರಿಸುತ್ತಿರಬಹುದು. ದಮ್ಮೆಂದು ತಿಳಿದು ನೆಬ್ಯುಲೈಸರ್ ಹಚ್ಚಿದರೆ ಹೊತ್ತು ಹೋಯಿತು. ಗ್ಲುಕೋಮೀಟರ್, ಮೂತ್ರದ ಕೀಟೋನ್ ಪಟ್ಟಿ ಎರಡೂ ಅಲ್ಲೇ ಕೈಗೆ ಸಿಗುವಂತಿರಲಿ.

ಕಟ್ಟುಹಾವಿನ ಕಡಿತ ಇದಕ್ಕೆ ತಿರುಗುಮುರುಗು. ರಾತ್ರಿ ಮಲಗಿದವರನ್ನೇ ಕಡಿಯುವುದು ಹೆಚ್ಚು, ಗಾಯ ಕಾಣದೆಯೂ ಹೋಗಬಹುದು. ರೆಪ್ಪೆ ಜೋಲುತ್ತದೆ, ಮಾತು ತೊದಲುತ್ತದೆ, ಆಮೇಲೆ ಉಸಿರು ಸದ್ದಿಲ್ಲದೆ ತೇಲುತ್ತದೆ. ಆಕ್ಸಿಜನ್ ಅಂಕಿ ಕುಸಿಯುವ ಹೊತ್ತಿಗೆ ಉಸಿರೆಳೆಯುವ ಸ್ನಾಯುಗಳು ಸೋತಾಗಿರುತ್ತವೆ. ಒಂದೇ ಉಸಿರಿನಲ್ಲಿ ಒಂದು, ಎರಡು, ಮೂರು ಎಂದು ಜೋರಾಗಿ ಹೇಳಿಸಿ. ಮೊದಲು 25ರವರೆಗೆ ಹೋದವರು ಈಗ 12ಕ್ಕೇ ನಿಂತರೆ ಕೃತಕ ಉಸಿರಿಗೆ ಸಿದ್ಧರಾಗಬೇಕು. ವಿಷದ ಲಕ್ಷಣ ಕಂಡವರಿಗೆ ದೇವಿಮನೆ ಘಟ್ಟ ಇಳಿಯುವ ಮುನ್ನವೇ ಹಾವಿನ ವಿಷಕ್ಕೆ ಕೊಡುವ ಮದ್ದು ಎಎಸ್‌ವಿ ಶುರುವಾಗಲಿ. ಕೈಯಿಂದ ಒತ್ತಿ ಕೃತಕ ಉಸಿರು ಕೊಡುವ ಚೀಲ, ಆಂಬು ಬ್ಯಾಗ್ ಒತ್ತಲು ಬಲ್ಲವರು ಗಾಡಿಯಲ್ಲಿರಲಿ. ಹಾವು ಕಡಿತದ ವರದಿಯನ್ನು ಸರ್ಕಾರ 2024ರಲ್ಲೇ ಕಡ್ಡಾಯ ಮಾಡಿದೆ. ಎಣಿಕೆಗೇಕೆ ವಿನಾಯಿತಿ?

ಇನ್ನೊಂದು ಮಾತು, ಬಂದರುಗಳಲ್ಲಿ ಪ್ರಥಮ ಚಿಕಿತ್ಸೆಯ ತರಬೇತಿ ಕೊಡುವವರಿಗೆ. ಕುಸಿದು ಎಚ್ಚರ ತಪ್ಪಿದವರು ಆಗೊಮ್ಮೆ ಈಗೊಮ್ಮೆ ಬಾಯಿ ತೆರೆದು ಗೊರಗುಟ್ಟಿದರೆ ಅದನ್ನು ಉಸಿರಾಟವೆಂದು ಎಣಿಸದೆ, ಹೃದಯ ನಿಂತಿದೆಯೆಂದೇ ತಿಳಿಯಬೇಕು. 108ಕ್ಕೆ ಕರೆ ಮಾಡಿಸಿ, ಎದೆಯ ನಡುವೆ 5ರಿಂದ 6 ಸೆಂ.ಮೀ. ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು.

ಚೀಟಿ ಪುಸ್ತಕ ಮತ್ತೆ ಅಚ್ಚಿಗೆ ಹೋಗುವಾಗ ಮೂರು ಚೌಕ ಸೇರಿಸಿ: ನಿಮಿಷಕ್ಕೆಷ್ಟು, ಆಳವೋ ಮೇಲುಮೇಲೋ, ಲಯ ಸಮವೋ ತಪ್ಪಿದೆಯೋ. ಹೊರಡುವಾಗ ಒಮ್ಮೆ, ತಲುಪಿದಾಗ ಒಮ್ಮೆ ತುಂಬಲಿ. ಎಣಿಸಿದವರ ಸಹಿಯೂ ಇರಲಿ.

ಇಂತಿ,
ಶಿರಸಿ ಭಾಗದ ಶುಶ್ರೂಷಕರು