ತಮ್ಮ ಮನೆಯಲ್ಲೇ ನೆಂಟರು

ಆತ್ಮೀಯರೇ,

ರಾತ್ರಿ ಹನ್ನೊಂದೂವರೆ ಆಗಿದೆ. ಬೆಳಗ್ಗೆ ಎಂಟಕ್ಕೆ ಈ ಸಂಚಿಕೆ ನಿಮ್ಮೆಲ್ಲರ ಕೈಸೇರಬೇಕು. ಸಂಕ್ರಾಂತಿ ಬಗ್ಗೆ ನಾಲ್ಕು ಮಾತು ಬರೆದು ಮುಗಿಸೋಣ ಅಂತ ಕೂತೆ. ಆದರೆ ಭಾನುವಾರ ಮಗಳು ಕೇಳಿದ ಒಂದು ಪ್ರಶ್ನೆ ಬಿಡುತ್ತಿಲ್ಲ. ಅದನ್ನೇ ಬರೆದುಬಿಡುತ್ತೇನೆ.

2025ರ ಡಿಸೆಂಬರ್ 16ಕ್ಕೆ ಇಂಗ್ಲಿಷ್ ಕಾದಂಬರಿಕಾರ್ತಿ ಜೇನ್ ಆಸ್ಟಿನ್ ಹುಟ್ಟಿ 250 ವರ್ಷ ತುಂಬಿತು. ಇಂಗ್ಲೆಂಡಿನ ಈ ನಮ್ಮ ರೆಡಿಂಗ್ ಊರಿಗೂ ಆಕೆಗೂ ನಂಟಿದೆ. 1785ರಲ್ಲಿ, ಇನ್ನೂ ಹತ್ತು ತುಂಬದ ಹುಡುಗಿ, ಅಕ್ಕನ ಜೊತೆ ಇಲ್ಲಿನ ಆಬಿ ಗೇಟ್‌ವೇ ಹತ್ತಿರದ ಶಾಲೆಗೆ ಓದಲು ಬಂದಿದ್ದಳು. ಆ ಕಲ್ಲಿನ ಹೆಬ್ಬಾಗಿಲು ಈಗಲೂ ಇದೆ, ನಾವೆಲ್ಲ ಅದರ ಪಕ್ಕದಲ್ಲೇ ಓಡಾಡುತ್ತೇವೆ. ಮಗಳ ಕ್ಲಾಸಿನಲ್ಲೂ ಈ ಮಾತು ಬಂದಿತ್ತಂತೆ. ಹಾಗಾಗಿ ಭಾನುವಾರ ಇಬ್ಬರೂ ಒಂದೇ ಕಂಬಳಿ ಹೊದ್ದು ಆಕೆಯ ಕಾದಂಬರಿಯಿಂದ ಮಾಡಿದ ಸಿನಿಮಾ 'ಸೆನ್ಸ್ ಅಂಡ್ ಸೆನ್ಸಿಬಿಲಿಟಿ' ನೋಡಿದೆವು. 1995ರದ್ದು, ಆಂಗ್ ಲೀ ನಿರ್ದೇಶನದ್ದು.

ಕಥೆ ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತು. ಇದೇ ಕಥೆಯ ಮೇಲೆ ತಮಿಳಿನಲ್ಲಿ 2000ದಲ್ಲಿ ಬಂದ 'ಕಂಡುಕೊಂಡೇನ್ ಕಂಡುಕೊಂಡೇನ್' ನೋಡಿದವರಿಗಂತೂ ಗೊತ್ತೇ ಇದೆ. ಟಬು, ಐಶ್ವರ್ಯಾ ರೈ, ಆ ಚೆಟ್ಟಿನಾಡಿನ ದೊಡ್ಡ ಮನೆ, ರೆಹಮಾನ್ ಸಂಗೀತ. ಮೂಲ ಕಾದಂಬರಿಯಲ್ಲಿ ಅಪ್ಪ ತೀರಿಕೊಳ್ಳುತ್ತಾನೆ. ಮನೆ, ಜಮೀನು ಎಲ್ಲ ಮೊದಲ ಹೆಂಡತಿಯ ಮಗನಿಗೆ ಹೋಗುತ್ತದೆ. ಎರಡನೇ ಹೆಂಡತಿ ಮತ್ತು ಮೂವರು ಹೆಣ್ಣುಮಕ್ಕಳು ವರ್ಷಕ್ಕೆ 500 ಪೌಂಡಿನಲ್ಲಿ ಬದುಕಬೇಕು. ತಂಗಿಯರನ್ನು ನೋಡಿಕೋ ಅಂತ ಅಪ್ಪ ಸಾಯುವಾಗ ಮಗನ ಕೈ ಹಿಡಿದು ಕೇಳಿರುತ್ತಾನೆ. ಮಗ 3000 ಪೌಂಡು ಕೊಡಬೇಕು ಅಂದುಕೊಳ್ಳುತ್ತಾನೆ. ಹೆಂಡತಿ ಒಂದು ಮಾತಾಡಿದಾಗ ಅದು ಅರ್ಧವಾಗುತ್ತದೆ. ಇನ್ನೊಂದು ಮಾತಿಗೆ ವರ್ಷಕ್ಕೆ ನೂರು. ಸಿನಿಮಾದಲ್ಲಿ, ಗಾಡಿ ಆ ಮನೆ ತಲುಪುವಷ್ಟರಲ್ಲಿ ಆಗೊಮ್ಮೆ ಈಗೊಮ್ಮೆ ಇಪ್ಪತ್ತು ಪೌಂಡು ಸಾಕು ಅನ್ನುವಲ್ಲಿಗೆ ಬಂದಿರುತ್ತದೆ. ಯಾರೂ ದನಿ ಎತ್ತುವುದಿಲ್ಲ, ಬೈಯುವುದಿಲ್ಲ. ಎಷ್ಟೋ ಮನೆಗಳಲ್ಲಿ ಪಾಲು ಆಗುವುದು ಹೀಗೇ ಅಲ್ವಾ, ನಾಲ್ಕು ಮೆಲ್ಲನೆಯ ಮಾತಿನಲ್ಲಿ.

ಅಣ್ಣ ಅತ್ತಿಗೆ ಬಂದು ಇಳಿಯುತ್ತಾರೆ. ಅತ್ತಿಗೆ ಊಟದ ಮೇಜಿನ ತಲೆಯಲ್ಲಿ ಕೂರುತ್ತಾಳೆ. ಚಿಕ್ಕ ತಂಗಿ ಮಾರ್ಗರೆಟ್ ಲೈಬ್ರರಿಯ ಮೇಜಿನ ಕೆಳಗೆ ಅಟ್ಲಾಸ್ ಹಿಡಿದು ಅಡಗಿ ಕೂತುಬಿಡುತ್ತಾಳೆ. ಅಲ್ಲಿ ನನ್ನ ಮಗಳು ಕೇಳಿದಳು: "ಅಮ್ಮ, ಅಪ್ಪ ಸತ್ತ ಮೇಲೆ ಇವ್ರು ಇವ್ರ ಮನೇಲೇ ಗೆಸ್ಟಾ?"

ನಾನು ಸಿನಿಮಾ ನಿಲ್ಲಿಸಿದೆ. ನಮ್ಮ ದೊಡ್ಡತ್ತೆಯ ಕಥೆ ಅವಳಿಗೆ ಹೇಳಿದೆ. ನಿಮಗೂ ಹೇಳುತ್ತೇನೆ.

ತೀರ್ಥಹಳ್ಳಿ ಹತ್ತಿರ ನಮ್ಮ ಅಜ್ಜನ ಮನೆ. ದೊಡ್ಡತ್ತೆ ಅಂದರೆ ಅಪ್ಪನ ಅಕ್ಕ. ಮದುವೆ ಆಗಿರಲಿಲ್ಲ. ಅಜ್ಜಿಗೆ ಮಂಡಿನೋವು ಬಂದ ಮೇಲೆ ಆ ಮನೆ ನಡೆದದ್ದೇ ಅವಳಿಂದ. ಅಡಿಕೆ ಕೊಯ್ಲಿನ ಆಳುಗಳಿಗೆ ಊಟ, ಕೊಟ್ಟಿಗೆ, ಹಪ್ಪಳ, ನೆಂಟರು, ಎಲ್ಲ. ಸೆರಗಿನ ತುದಿಗೆ ಕೀಲಿ ಗೊಂಚಲು ಕಟ್ಟಿಕೊಂಡಿರುತ್ತಿದ್ದಳು. ಅವಳು ಎಲ್ಲಿದ್ದಾಳೆ ಅಂತ ಆ ಸದ್ದಿನಿಂದಲೇ ನಮಗೆ ಗೊತ್ತಾಗುತ್ತಿತ್ತು. ಅಪ್ಪೆಮಿಡಿ ಬಂದ ದಿನ ಮಾತ್ರ ಅವಳ ಹತ್ತಿರ ಯಾರೂ ಸುಳಿಯುವ ಹಾಗಿರಲಿಲ್ಲ. ಒಂದೊಂದೇ ಮಿಡಿಯನ್ನು ಬೆಳಕಿಗೆ ಹಿಡಿದು ನೋಡಿ, ತೊಟ್ಟು ಮುರಿದದ್ದನ್ನು ಪಕ್ಕಕ್ಕಿಟ್ಟು, ಉಳಿದದ್ದನ್ನು ಭರಣಿಗೆ ಹಾಕಿ ಒಂದು ಪದರ ಮಿಡಿ, ಒಂದು ಪದರ ಕಲ್ಲುಪ್ಪು. ಭರಣಿಯ ಬಾಯಿಗೆ ಬಿಳಿ ಬಟ್ಟೆ ಕಟ್ಟುವಾಗ ದಾರದ ಒಂದು ತುದಿ ಹಲ್ಲಿನಲ್ಲಿ ಕಚ್ಚಿ ಹಿಡಿಯುತ್ತಿದ್ದಳು.

1984ರಲ್ಲಿ ಅಜ್ಜ ಹೋದರು. ಮನೆ, ತೋಟ ದೊಡ್ಡಪ್ಪನ ಪಾಲಿಗೆ ಬಂತು. ಜಗಳ ಆಗಲಿಲ್ಲ. ಆರು ತಿಂಗಳಲ್ಲಿ ಕೀಲಿ ಗೊಂಚಲು ಗೋಡೆಯ ಮೊಳೆಗೆ ಬಂತು. ಆಮೇಲೆ ಬೇರೆ ಸೆರಗಿಗೆ ಹೋಯಿತು. ಅತ್ತೆ ಒಂದು ದಿನ "ಸಕ್ಕರೆ ಡಬ್ಬಿ ತಗೊಳ್ಳಲಾ?" ಅಂತ ಕೇಳಿದಳಂತೆ. ತಾನೇ ತುಂಬಿಟ್ಟ ಡಬ್ಬಿ. ಅವತ್ತೇ ಅಜ್ಜಿ ನಮ್ಮಪ್ಪನಿಗೆ ಕಾಗದ ಬರೆಸಿದರು.

ಅಪ್ಪ ಶಿವಮೊಗ್ಗದಲ್ಲಿ ಮೇಷ್ಟ್ರು. ನಮ್ಮದು ಎರಡು ಕೋಣೆಯ ಬಾಡಿಗೆ ಮನೆ. ಅಜ್ಜಿ, ಅತ್ತೆ ಇಬ್ಬರೂ ಬಂದರು. ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ, ಹುಲ್ಲು ಸುತ್ತಿದ ಆ ದೊಡ್ಡ ಭರಣಿ. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡೇ ಬಂದಿದ್ದಳು. ಖಾಲಿ ಭರಣಿ. ನಮ್ಮ ಮನೆಯ ಮಂಚದ ಕೆಳಗೆ ಅದು ಒಂಬತ್ತು ವರ್ಷ ಹಾಗೇ ಇತ್ತು. ಉಪ್ಪಿನಕಾಯಿ ಯಾಕೆ ಹಾಕಲ್ಲ ಅಂದರೆ "ಇಲ್ಲಿ ಜಾಗ ಎಲ್ಲಿದೆ ಮಗೂ" ಅನ್ನುತ್ತಿದ್ದಳು. ಅಮ್ಮನ ಜೊತೆ ಬೆಳಗ್ಗೆ ಐದಕ್ಕೇ ಏಳುತ್ತಿದ್ದಳು, ನಮಗೆ ಜಡೆ ಹಾಕುತ್ತಿದ್ದಳು, ಊರಿನ ಸುದ್ದಿ ಬಂದರೆ ಎದ್ದು ಒಳಗೆ ಹೋಗುತ್ತಿದ್ದಳು. ಅತ್ತದ್ದನ್ನು ನಾನು ಒಂದು ಸಲವೂ ನೋಡಿರಲಿಲ್ಲ.

1993ರಲ್ಲಿ ಅಪ್ಪ ಸಾಲ ಮಾಡಿ ಒಂದು ಸಣ್ಣ ಮನೆ ಕಟ್ಟಿಸಿದರು. ಗೃಹಪ್ರವೇಶದ ಹಿಂದಿನ ದಿನ ಅತ್ತೆಯನ್ನು ಕರೆದುಕೊಂಡು ಹೋಗಿ, ಬಾಗಿಲ ಕೀಲಿ ಅವಳ ಕೈಗಿಟ್ಟು "ಅಕ್ಕ, ನೀನೇ ತೆಗಿ" ಅಂದರು. ಅವಳು ಅಲ್ಲೇ ಸಿಮೆಂಟ್ ಚೀಲದ ಮೇಲೆ ಕುಸಿದು ಕೂತು ಅತ್ತಳು. ಬಿಕ್ಕಿ ಬಿಕ್ಕಿ, ದನಿ ತೆಗೆದು, ಮಕ್ಕಳ ಹಾಗೆ. ನಾನು ಹೆದರಿ ಅಪ್ಪನ ಅಂಗಿ ಹಿಡಿದುಕೊಂಡೆ. ಅಪ್ಪ ನನ್ನನ್ನು ಹೊರಗೆ ಕರೆದುಕೊಂಡು ಬಂದರು. "ಅಳಲಿ ಬಿಡು" ಅಂದರು.

ಈಗ ಸಿನಿಮಾದ ಕೊನೆಗೆ ಬನ್ನಿ. ಅಕ್ಕ ಎಲಿನರ್ ಇಡೀ ಕಥೆಯುದ್ದಕ್ಕೂ ಎಲ್ಲವನ್ನೂ ನುಂಗಿಕೊಂಡವಳು. ಮನೆ ಬಿಟ್ಟಾಗ ಲೆಕ್ಕ ನೋಡಿದವಳು ಅವಳು. ಸಕ್ಕರೆ, ಮಾಂಸ ಕಡಿಮೆ ಮಾಡಿದವಳು ಅವಳು. ತಂಗಿ ಮೇರಿಯಾನ್ ಪ್ರೀತಿಯಲ್ಲಿ ಸೋತು ಊರಿಗೆಲ್ಲ ಕೇಳುವ ಹಾಗೆ ಅತ್ತಾಗ ಅವಳ ತಲೆ ನೇವರಿಸಿದವಳೂ ಅವಳೇ. ತಾನು ಮನಸ್ಸಿಟ್ಟ ಎಡ್ವರ್ಡ್‌ಗೆ ಬೇರೆಯವಳ ಜೊತೆ ಮದುವೆ ಆಗಿದೆ ಅಂತಲೇ ನಂಬಿರುತ್ತಾಳೆ. ಅವನು ಬಂದು, ಮದುವೆ ಆದದ್ದು ನನ್ನ ತಮ್ಮನಿಗೆ, ನನಗಲ್ಲ ಅನ್ನುತ್ತಾನೆ. ಆಗ ಎಲಿನರ್ ಆಗಿರುವ ಎಮ್ಮಾ ಥಾಂಪ್ಸನ್ ಅಳುವುದನ್ನು ನೋಡಬೇಕು. ಚೆಂದದ ಅಳುವಲ್ಲ ಅದು. ಉಸಿರು ಸಿಕ್ಕಿಹಾಕಿಕೊಂಡು, ಗಂಟಲಿನಿಂದ ಏನೋ ಕಿತ್ತು ಬಂದ ಹಾಗೆ. ಅಮ್ಮ, ತಂಗಿಯರು ಮೆಲ್ಲಗೆ ಎದ್ದು ಹೊರಗೆ ಹೋಗುತ್ತಾರೆ. ಕೆಟ್ಟ ಸುದ್ದಿಗೆ ಅಳದವಳು ಒಳ್ಳೆ ಸುದ್ದಿಗೆ ಅಳುತ್ತಾಳೆ. ನನಗೆ ಆ ಸಿಮೆಂಟ್ ಚೀಲ ಕಂಡಿತು.

ಇದನ್ನು ಪ್ರೇಮಕಥೆ ಅಂತಾರೆ. ನನ್ನ ಮಟ್ಟಿಗೆ ಇದು ಮನೆ ಕಳೆದುಕೊಂಡವರ ಕಥೆ. ಬರೆದವಳಿಗೂ ಅದು ಗೊತ್ತಿತ್ತು. 1805ರಲ್ಲಿ ಅಪ್ಪ ತೀರಿಕೊಂಡ ಮೇಲೆ ಜೇನ್, ಅಕ್ಕ, ಅಮ್ಮ ನಾಲ್ಕು ವರ್ಷ ತಮ್ಮದೇ ಅನ್ನುವ ಸೂರಿಲ್ಲದೆ ಅಲ್ಲಿ ಇಲ್ಲಿ ಇದ್ದರು. 1809ರಲ್ಲಿ ಅಣ್ಣ ಎಡ್ವರ್ಡ್ ಚಾಟನ್ ಹಳ್ಳಿಯಲ್ಲಿ ಒಂದು ಮನೆ ಕೊಟ್ಟ. ಅಲ್ಲಿ ಕೂತು ಹಳೆಯ ಹಸ್ತಪ್ರತಿ ತೆಗೆದು ತಿದ್ದಿದಳು. 1811ರಲ್ಲಿ ಈ ಕಾದಂಬರಿ ಅಚ್ಚಾಯಿತು, ಹೆಸರಿಲ್ಲದೆ, 'ಒಬ್ಬ ಮಹಿಳೆ ಬರೆದದ್ದು' ಅಂತ ಮಾತ್ರ. ಆ ಮನೆಯಲ್ಲಿ ಕಿಟಕಿ ಪಕ್ಕ ಇರುವ ಅವಳ ಬರೆಯುವ ಮೇಜು ಎಷ್ಟು ಸಣ್ಣದು ಅಂದರೆ, ಒಂದು ಊಟದ ತಟ್ಟೆ ಇಟ್ಟರೆ ಪಕ್ಕದಲ್ಲಿ ಲೋಟಕ್ಕೆ ಜಾಗ ಹುಡುಕಬೇಕು. ನಮ್ಮ ಅತ್ತೆಯೂ ಹೊಸ ಮನೆಗೆ ಹೋದ ವರ್ಷವೇ ಆ ಭರಣಿ ತೊಳೆದು ಬಿಸಿಲಿಗಿಟ್ಟಳು.

ಕರ್ನಾಟಕದಲ್ಲಿ ಹಿಂದೂ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ಅನ್ನುವ ಕಾನೂನು ಬಂದದ್ದು 1994ರಲ್ಲಿ. ಇಡೀ ದೇಶಕ್ಕೆ 2005ರಲ್ಲಿ. ಪೇಪರ್ ಓದಿ ಹೇಳಿದಾಗ ಅತ್ತೆ "ಮುಂದಿನವರಿಗಾದ್ರೂ ಆಯ್ತಲ್ಲ" ಅಂದಿದ್ದಳು.

ಇನ್ನೊಂದು ಮಾತು. ಈ ಅಪ್ಪಟ ಇಂಗ್ಲಿಷ್ ಕಥೆಯನ್ನು ಸಿನಿಮಾ ಮಾಡಿದವನು ತೈವಾನ್‌ನಿಂದ ಓದಲು ಅಮೆರಿಕಕ್ಕೆ ಹೋಗಿ ಅಲ್ಲೇ ಉಳಿದವನು. ಅದಕ್ಕೆ ಹಿಂದಿನ ಸಿನಿಮಾದಲ್ಲಿ ಮೂವರು ಹೆಣ್ಣುಮಕ್ಕಳಿಗೆ ಭಾನುವಾರ ಅಡುಗೆ ಮಾಡಿ ಬಡಿಸುವ ಅಪ್ಪನ ಕಥೆ ಹೇಳಿದ್ದ. ಊರು ಬಿಟ್ಟವನಿಗೆ ಊರು ಬಿಟ್ಟವರ ಮುಖ ಗೊತ್ತಾಗುತ್ತದೆ. ಚಿತ್ರಕಥೆ ಎಮ್ಮಾ ಥಾಂಪ್ಸನ್ ಅವರದ್ದು, ಅದಕ್ಕೆ ಆಸ್ಕರ್ ಬಂತು. ಪೂರ್ವದೇಶದಲ್ಲಿ ಸೈನಿಕನಾಗಿದ್ದು ಬಂದ ಕರ್ನಲ್ ಬ್ರಾಂಡನ್‌ನನ್ನು, ಅಲ್ಲಿ ಹೇಗಿರುತ್ತದೆ ಅಂತ ಮಾರ್ಗರೆಟ್ ಕೇಳುತ್ತಾಳೆ. ಗಾಳಿಯ ತುಂಬ ಮಸಾಲೆಯ ಪರಿಮಳ ಅನ್ನುತ್ತಾನೆ ಅವನು. ಮಗಳು ನನ್ನ ಕಡೆ ತಿರುಗಿ ನೋಡಿದಳು. ಒಲೆಯ ಮೇಲೆ ಸಾರು ಕುದಿಯುತ್ತಿತ್ತು.

ಇನ್ನು ಸುದ್ದಿಗಳು, ಬೇಗ ಬೇಗ. ಸಂಕ್ರಾಂತಿ ಜನವರಿ 17ರ ಶನಿವಾರ, ಎಂದಿನ ಹಾಲ್‌ನಲ್ಲೇ, ಬೆಳಗ್ಗೆ 11ಕ್ಕೆ. ಐದು ವರ್ಷದೊಳಗಿನ ಮಕ್ಕಳಿಗೆ ಹಣ್ಣೆರೆಯುವುದು 11:30ಕ್ಕೆ, ದಯವಿಟ್ಟು ತಡ ಮಾಡಬೇಡಿ. ಎಳ್ಳು-ಬೆಲ್ಲಕ್ಕೆ ಕೊಬ್ಬರಿ, ಬೆಲ್ಲ ಹೆಚ್ಚಲು ಶುಕ್ರವಾರ ಸಂಜೆ ನಮ್ಮ ಮನೆಗೆ ಬನ್ನಿ, ಚಾಕು ತನ್ನಿ. 200 ಪೊಟ್ಟಣ ಕಟ್ಟಬೇಕು, ಈವರೆಗೆ ಹೆಸರು ಕೊಟ್ಟವರು ಮೂವರು. ಸದಸ್ಯತ್ವದ ಹಣಕ್ಕೆ ಜನವರಿ 31 ಕೊನೆಯ ದಿನ. ಮಾರ್ಚ್‌ನಲ್ಲಿ ಒಂದು ಶನಿವಾರ ಚಾಟನ್‌ಗೆ ಹೋಗಿ ಬರೋಣ ಅಂತಿದೆ. ಇಲ್ಲಿಂದ ಕಾರಿನಲ್ಲಿ ಒಂದು ಗಂಟೆ ದಾರಿ. ಬರುವವರು ತಿಳಿಸಿ.

ಮತ್ತೆ, ನಿಮಗೆಲ್ಲ ಗೊತ್ತಿರುವ ಸುದ್ದಿ. ಹನ್ನೊಂದು ವರ್ಷ ನಮ್ಮ ಮಕ್ಕಳಿಗೆ ಅ ಆ ಇ ಈ ತಿದ್ದಿಸಿದ ಟೀಚರ್ ಮುಂದಿನ ವಾರ ಮೈಸೂರಿಗೆ ಹೊರಟಿದ್ದಾರೆ. ಮಳೆ ಬಂದರೂ, ಕೈಗೆ ಪ್ಲಾಸ್ಟರ್ ಹಾಕಿದ್ದರೂ, ಮೂರೇ ಮಕ್ಕಳು ಬಂದರೂ ತರಗತಿ ನಡೆಸಿದವರು. ಮೊನ್ನೆ ಪುಸ್ತಕಗಳನ್ನು ಲೆಕ್ಕ ಹಾಕಿ ಕೊಡುವಾಗಲೂ ನಗುನಗುತ್ತಲೇ ಇದ್ದರು. ಕೊನೆಗೆ ಪುಟ್ಟ ಹುಡುಗನೊಬ್ಬ ತನ್ನ ಹೆಸರನ್ನು ಒತ್ತಕ್ಷರ ತಪ್ಪದೆ ಬರೆದು ತೋರಿಸಿದ. ಅವರು ತಟ್ಟನೆ ಗೋಡೆ ಕಡೆ ತಿರುಗಿಬಿಟ್ಟರು. ನಾವು ಮಕ್ಕಳನ್ನು ಕರೆದುಕೊಂಡು ಹೊರಗೆ ಬಂದೆವು.

ಪುಸ್ತಕದ ಬೀರುವಿನ ಕೀಲಿ ಈಗ ನನ್ನ ಮೇಜಿನ ಮೇಲಿದೆ. ಮುಂದಿನ ತರಗತಿ ಜನವರಿ 11ರ ಭಾನುವಾರ, ಬೆಳಗ್ಗೆ 10ಕ್ಕೆ. ನನಗೆ ಒಬ್ಬಳಿಗೇ ಆಗುವುದಿಲ್ಲ, ಇಬ್ಬರು ಬೇಕು. ಕಲಿಸಿ ಅಭ್ಯಾಸ ಇಲ್ಲದಿದ್ದರೂ ಪರವಾಗಿಲ್ಲ, ಓದಲು ಬರೆಯಲು ಬಂದರೆ ಸಾಕು. ನಾಳೆಯೇ ಒಂದು ಫೋನ್ ಮಾಡಿ.

ನಿಮ್ಮ,
ಸಂಪಾದಕಿ