ಲೈಬ್ರರಿಯ ಬೀಗದ ಕೈ ಇನ್ನು ಮಕ್ಕಳಿಗೆ

ಪ್ರೀತಿಯ ರಕ್ಷಕರೇ,

ನಮಸ್ಕಾರ. ಕೇರಳದಲ್ಲಿ ಗ್ರಂಥಾಲಯ ಚಳವಳಿ ಕಟ್ಟಿದ ಪಿ. ಎನ್. ಪಣಿಕ್ಕರ್ ಅವರ ನೆನಪಿನ ವಾಚನ ದಿನ ಜೂನ್ 19ರಂದು ಚೆನ್ನಾಗಿ ನಡೆಯಿತು. ಆದರೆ ವಾಚನ ವಾರ ಮುಗಿದ ಕೂಡಲೇ ಪುಸ್ತಕಗಳು ಕಪಾಟು ಸೇರಿ ಬೀಗ ಬೀಳುವುದು ನನಗೆ ಸರಿ ಕಾಣುವುದಿಲ್ಲ. ಹಾಗಾಗಿ ಈ ವರ್ಷ ನಮ್ಮ ಶಾಲೆಯ ಕನ್ನಡ ಲೈಬ್ರರಿಯನ್ನು ಎಂಟು, ಒಂಬತ್ತನೇ ತರಗತಿಯ ಮಕ್ಕಳೇ ನಡೆಸಲಿದ್ದಾರೆ. ಪ್ರತಿ ಬುಧವಾರ ಶಾಲೆ ಬಿಟ್ಟ ಮೇಲೆ ಒಂದು ಗಂಟೆ. ಹತ್ತನೆಯವರೂ ಇಷ್ಟವಿದ್ದರೆ ಬರಲಿ.

"ಧೂಳು ಒರೆಸಲು ಮಕ್ಕಳನ್ನು ಯಾಕೆ ನಿಲ್ಲಿಸುತ್ತೀರಿ?" ಎಂದು ಕೆಲವರು ಕೇಳಿದ್ದೀರಿ. ಧೂಳು ಒರೆಸುವುದೂ ಇದೆ. ಆದರೆ ಜಾಸ್ತಿ ಹೊತ್ತು ಹೋಗುವುದು ಪ್ರತಿ ಪುಸ್ತಕಕ್ಕೂ ಜಾಗ ಗೊತ್ತು ಮಾಡುವುದರಲ್ಲಿ. ವಿಷಯಕ್ಕೊಂದು ಅಂಕೆ ಕೊಟ್ಟು ಪುಸ್ತಕ ಜೋಡಿಸುವ ಡ್ಯೂಯಿ ಪದ್ಧತಿಯಲ್ಲಿ 700 ಅಂದರೆ ಕಲೆ, 800 ಅಂದರೆ ಸಾಹಿತ್ಯ. ಹಾಗಾದರೆ ಕುಂಬಳೆಯ ಪಾರ್ತಿಸುಬ್ಬನ ಯಕ್ಷಗಾನ ಪ್ರಸಂಗಗಳು ಎಲ್ಲಿಗೆ? ವಾಚನ ವಾರದಲ್ಲೇ ಈ ಬಗ್ಗೆ ಜೋರು ಚರ್ಚೆ ನಡೆಯಿತು. ಹಾಗೆ ವಾದ ಮಾಡಬೇಕಾದರೆ ಪುಸ್ತಕ ತೆರೆದು ನೋಡಲೇಬೇಕು, ಅಲ್ವಾ?

ಅದೇ ವಾರ ಒಬ್ಬ ಹುಡುಗಿ ಮಂಜೇಶ್ವರದ ಗೋವಿಂದ ಪೈಗಳ ಬಗ್ಗೆ ಟಿಪ್ಪಣಿ ಬರೆದಳು. 1949ರಲ್ಲಿ ಕರ್ನಾಟಕ ಸರಕಾರ ಅವರಿಗೆ ರಾಷ್ಟ್ರಕವಿ ಬಿರುದು ಕೊಟ್ಟಿತು ಎಂದಿತ್ತು. ಫೋನಿನಲ್ಲಿ ಸಿಕ್ಕಿದ್ದು. ಪಕ್ಕದಲ್ಲಿದ್ದ ಹುಡುಗ ಇಸವಿ ನೋಡಿ, "ಆಗ ಕರ್ನಾಟಕ ಎಂಬ ರಾಜ್ಯ ಇತ್ತಾ?" ಎಂದು ಕೇಳಿದ. ಇಬ್ಬರೂ ಪುಸ್ತಕ ತೆಗೆದು ಕೂತರು. ಆಗ ನಮ್ಮ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು, ಆ ಜಿಲ್ಲೆ ಮದ್ರಾಸಿನ ಆಡಳಿತದಲ್ಲಿತ್ತು. ಬಿರುದು ಕೊಟ್ಟದ್ದು ಮದ್ರಾಸ್ ಸರಕಾರ. ನಾವು ಕೇರಳಕ್ಕೆ ಸೇರಿದ್ದು 1956ರಲ್ಲಿ. ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರಲ್ಲಿ. ಒಂದು ಸಾಲು ಸರಿಯೋ ತಪ್ಪೋ ಎಂದು ನೋಡಲು ಹೊರಟವರು ಊರಿನ ಚರಿತ್ರೆಯನ್ನೇ ಓದಿದರು. ನಾನು ಪಾಠ ಮಾಡಿದ್ದರೆ ಅವರ ತಲೆಯಲ್ಲಿ ಇಷ್ಟು ಉಳಿಯುತ್ತಿರಲಿಲ್ಲ.

ಈ ಅಭ್ಯಾಸ ವಾಟ್ಸಾಪ್‌ಗೂ ಬೇಕು. ಜೋರು ಮಳೆ ಹಿಡಿದರೆ ಸಾಕು, "ನಾಳೆ ಶಾಲೆಗೆ ರಜೆ" ಎಂಬ ಹಳೆ ಮೆಸೇಜು ಮತ್ತೆ ಓಡಾಡುತ್ತದೆ. ಮಂಗಳೂರಿನ ರಜೆಯೂ ನಮ್ಮ ಗ್ರೂಪುಗಳಿಗೆ ಬಂದುಬಿಡುತ್ತದೆ. ತಾರೀಕು ಯಾವುದು, ಯಾವ ಜಿಲ್ಲೆಯದು, ಜಿಲ್ಲಾಧಿಕಾರಿಗಳ ಪುಟದಲ್ಲಿ ಬಂದಿದೆಯಾ ಎಂದು ನೋಡಲು ಮಕ್ಕಳಿಗೆ ಹೇಳಿಕೊಡುತ್ತಿದ್ದೇವೆ. ನೀವು ಕಳಿಸಿದ ಮೆಸೇಜಿನ ಬಗ್ಗೆಯೂ ಅವರು ಹೀಗೆ ಕೇಳಿಯಾರು. ದಯವಿಟ್ಟು ಗದರಬೇಡಿ. ಅದು ಎದುರುತ್ತರ ಅಲ್ಲ. ಜೊತೆಗೆ ಕೂತು ನೀವೂ ನೋಡಿ.

ಈ ಕೆಲಸ ಇಷ್ಟವಾದವರಿಗೆ ಮುಂದೆ ಇದೇ ಉದ್ಯೋಗವೂ ಆಗಬಹುದು. ಯಾವ ಡಿಗ್ರಿ ಮಾಡಿದವರೂ ಲೈಬ್ರರಿ ಸೈನ್ಸ್ ಓದಬಹುದು. ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯದಲ್ಲೂ ಆ ವಿಭಾಗ ಇದೆ.

ಜೊತೆಗಿರುವ ಒಪ್ಪಿಗೆ ಚೀಟಿಗೆ ಸಹಿ ಹಾಕಿ ಶುಕ್ರವಾರದೊಳಗೆ ಕ್ಲಾಸ್ ಟೀಚರಿಗೆ ಕಳಿಸಿ. ಸಂಜೆ ಬಸ್ಸು ತಪ್ಪುವ ಮಕ್ಕಳಿದ್ದರೆ ಚೀಟಿಯಲ್ಲೇ ಬರೆಯಿರಿ. ಅವರಿಗೆ ಮಧ್ಯಾಹ್ನ ಊಟದ ಬಿಡುವಿನಲ್ಲಿ ಕೆಲಸ ಕೊಡುತ್ತೇವೆ. ನೀವು ಓದಿ ಮುಗಿಸಿದ ಕನ್ನಡ ಪುಸ್ತಕ, ಹಳೆಯ ದೀಪಾವಳಿ ವಿಶೇಷಾಂಕ ಮನೆಯಲ್ಲಿದ್ದರೆ ಮಕ್ಕಳ ಕೈಯಲ್ಲಿ ಕೊಟ್ಟು ಕಳಿಸಿ. ಪರೀಕ್ಷೆಯ ಗೈಡುಗಳು ಬೇಡ, ಅವು ನಮ್ಮಲ್ಲಿ ಸಾಕಷ್ಟಿವೆ.

ಇತಿ ನಿಮ್ಮ,
ಮುಖ್ಯೋಪಾಧ್ಯಾಯಿನಿ