ರಾಕ್ ಆತ್ಮಕಥೆಗಳಲ್ಲಿ ಬೈಗುಳಕ್ಕಿಂತ ಲೆಕ್ಕ ಮುಖ್ಯ

ಸಂಪಾದಕರಿಗೆ,

ಮಾನ್ಯರೇ,

ರಾಕ್ ತಾರೆಯರ ಆತ್ಮಕಥೆ ಬಂದಾಗಲೆಲ್ಲ ಪತ್ರಿಕೆಗಳ ಪುರವಣಿಗಳಲ್ಲಿ ಕಾಣುವುದು ಬೈಗುಳದ ಆಯ್ದ ಸಾಲುಗಳು. ರೋಲಿಂಗ್ ಸ್ಟೋನ್ಸ್ ತಂಡದ ಗಿಟಾರ್ ವಾದಕ ಕೀತ್ ರಿಚರ್ಡ್ಸ್ 2010ರ ‘ಲೈಫ್’ನಲ್ಲಿ ಗಾಯಕ ಮಿಕ್ ಜಾಗರ್ ಅವರನ್ನು ಯಾವ ಅಡ್ಡಹೆಸರಿನಿಂದ ಕರೆದರು ಎಂಬುದು ಎಲ್ಲರಿಗೂ ಗೊತ್ತು. ಆದರೆ ಇಪ್ಪತ್ತು ಮೂವತ್ತು ವರ್ಷ ಒಟ್ಟಿಗೆ ನುಡಿಸಿದವರು ಯಾವ ವಿಷಯಕ್ಕೆ ಮುನಿಸಿಕೊಂಡರು ಎಂದು ಕೇಳುವವರು ಕಡಿಮೆ. ಹಲವು ಪುಸ್ತಕಗಳಲ್ಲಿ ಅದಕ್ಕೆ ಉತ್ತರ ಒಂದೇ: ಹಾಡು ಯಾರದು, ಅದರ ಹಣ ಯಾರಿಗೆ ಎಂದು ಆರಂಭದಲ್ಲೇ ಬರೆದಿಟ್ಟಿರಲಿಲ್ಲ. ಮಂಗಳೂರು, ಉಡುಪಿಯಲ್ಲಿ ಕೊಂಕಣಿ, ತುಳು, ಕನ್ನಡದಲ್ಲಿ ಸ್ವಂತ ಹಾಡು ಕಟ್ಟುತ್ತಿರುವ ಹುಡುಗ ಹುಡುಗಿಯರಿಗಾಗಿ ಈ ಪತ್ರ.

ಇಂಥ ಪುಸ್ತಕವನ್ನು ಒಂಟಿಯಾಗಿ ಓದಬಾರದು, ಜೋಡಿಯಾಗಿ ಓದಬೇಕು. ‘ದಿ ಬ್ಯಾಂಡ್’ ತಂಡದ ಡ್ರಮ್ಮರ್ ಲೆವನ್ ಹೆಲ್ಮ್ 1993ರಲ್ಲಿ ಆತ್ಮಕಥೆ ಬರೆದರು. ಎಲ್ಲರೂ ಕೂತು ಕಟ್ಟಿದ ಹಾಡುಗಳಿಗೆ ಗಿಟಾರ್ ವಾದಕ ರಾಬಿ ರಾಬರ್ಟ್‌ಸನ್ ಹೆಸರು ಮಾತ್ರ ಬಿತ್ತು ಎಂಬುದು ಅವರ ಅಳಲು. ರಾಬರ್ಟ್‌ಸನ್ ಪುಸ್ತಕ ಬಂದದ್ದು 2016ರಲ್ಲಿ. ಅಷ್ಟರೊಳಗೆ ಹೆಲ್ಮ್ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಐವರ ಆ ತಂಡದಲ್ಲಿ ಆಗ ಉಳಿದಿದ್ದವರು ರಾಬರ್ಟ್‌ಸನ್ ಬಿಟ್ಟರೆ ಗಾರ್ತ್ ಹಡ್ಸನ್ ಒಬ್ಬರೇ. ಹಾಗಾಗಿ ಮುನ್ನುಡಿಗೂ ಮೊದಲು ಪ್ರಕಟಣೆಯ ವರ್ಷ ನೋಡಿ, ಉತ್ತರ ಕೊಡಬಲ್ಲವರು ಆಗ ಯಾರಿದ್ದರು ಎಂದು ಲೆಕ್ಕ ಹಾಕಿ. ಆಮೇಲೆ ಸಹಲೇಖಕರ ಹೆಸರು ಹುಡುಕಿ. ಬೀಚ್ ಬಾಯ್ಸ್ ತಂಡದ ಬ್ರಯಾನ್ ವಿಲ್ಸನ್ 1991ರಲ್ಲಿ ತಮ್ಮ ಹೆಸರಲ್ಲೇ ಬಂದ ಆತ್ಮಕಥೆಯನ್ನು ಮುಂದೆ ತಾವೇ ಒಪ್ಪಲಿಲ್ಲ. 2016ರಲ್ಲಿ ಅವರದೂ ಅವರ ಸೋದರಸಂಬಂಧಿ ಮೈಕ್ ಲವ್ ಅವರದೂ ಒಂದು ತಿಂಗಳ ಅಂತರದಲ್ಲಿ ಹೊಸ ಪುಸ್ತಕಗಳು ಬಂದವು. ಅವೆರಡರ ಹಿಂದೆ 1994ರ ತೀರ್ಪಿದೆ: 35 ಹಾಡುಗಳ ರಚನೆಯಲ್ಲಿ ಲವ್ ಅವರಿಗೂ ಪಾಲಿದೆ ಎಂದು ನ್ಯಾಯಾಲಯ ಒಪ್ಪಿತ್ತು. ನೆನಪಿನ ಮಾತಿಗೂ ತೀರ್ಪಿಗೂ ತಾಳೆಯಾಗದಿದ್ದರೆ ನಮ್ಮ ಮಟ್ಟಿಗೆ ತೀರ್ಪೇ ಗಟ್ಟಿ.

ಲೆಕ್ಕ ಅರ್ಥವಾಗಬೇಕಾದರೆ ಮ್ಯಾಂಚೆಸ್ಟರಿನ ‘ದಿ ಸ್ಮಿತ್ಸ್’ ಪ್ರಕರಣ ನೋಡಬೇಕು. ಗಾಯಕ ಮೊರಿಸ್ಸಿ, ಗಿಟಾರಿನ ಜಾನಿ ಮಾರ್ ತಲಾ 40 ಶೇಕಡಾ ತೆಗೆದುಕೊಂಡು, ಬೇಸ್ ಮತ್ತು ಡ್ರಮ್ಸ್‌ನ ಇಬ್ಬರಿಗೆ ತಲಾ 10 ಕೊಡುತ್ತಿದ್ದರು. ಕರಾರುಪತ್ರ ಇರಲಿಲ್ಲ. ತಂಡ 1987ರಲ್ಲಿ ಒಡೆಯಿತು; ಡ್ರಮ್ಮರ್ ಮೈಕ್ ಜಾಯ್ಸ್ ಹೂಡಿದ ದಾವೆಯ ತೀರ್ಪು 1996ರಲ್ಲಿ ಬಂತು. ಬೇರೆ ಒಪ್ಪಂದ ಇಲ್ಲದಿದ್ದರೆ ಪಾಲುದಾರರಿಗೆ ಸಮಪಾಲು ಎನ್ನುವ ಬ್ರಿಟನ್ನಿನ 1890ರ ಕಾಯ್ದೆಯಂತೆ ಜಾಯ್ಸ್‌ಗೆ 25 ಶೇಕಡಾ ಸಿಕ್ಕಿತು. ಗಮನಿಸಬೇಕಾದ್ದು ಇಲ್ಲಿದೆ: ಆ ಜಗಳ ಧ್ವನಿಮುದ್ರಣ ಮತ್ತು ಕಾರ್ಯಕ್ರಮದ ಆದಾಯದ್ದು. ಸಾಹಿತ್ಯ, ಸಂಗೀತ ರಚನೆಯ ರಾಯಲ್ಟಿ ಮೊರಿಸ್ಸಿ ಮತ್ತು ಮಾರ್ ಅವರಲ್ಲೇ ಉಳಿಯಿತು. ರಚನೆಯ ಹಣ ಬೇರೆ, ಧ್ವನಿಮುದ್ರಣದ ಹಣ ಬೇರೆ. ಇದು ತಿಳಿಯದೆ 2013ರ ಮೊರಿಸ್ಸಿ ಪುಸ್ತಕವನ್ನೂ 2016ರ ಮಾರ್ ಪುಸ್ತಕವನ್ನೂ ಓದಿದರೆ ಕೋಪ ಮಾತ್ರ ಕಾಣುತ್ತದೆ, ಕಾರಣ ಕಾಣುವುದಿಲ್ಲ.

ನಮ್ಮ 1932ರ ಪಾಲುದಾರಿಕೆ ಕಾಯ್ದೆಯ 13ನೇ ಸೆಕ್ಷನ್ ಹೇಳುವುದೂ ಅದನ್ನೇ: ಬೇರೆ ಕರಾರಿಲ್ಲದಿದ್ದರೆ ಲಾಭವೂ ಸಮ, ನಷ್ಟವೂ ಸಮ. ಪಾಲುದಾರಿಕೆಗೆ ಬಾಯಿಮಾತಿನ ಒಪ್ಪಂದವೂ ಸಾಕಾಗುತ್ತದೆ. ಕ್ರೈಸ್ತರ ಮದುವೆಗೆ ಮುಂಚಿನ ರೋಸ್ ಕಾರ್ಯಕ್ರಮಕ್ಕೆ, ಕಾಲೇಜು ಫೆಸ್ಟ್‌ಗೆ ಒಟ್ಟಿಗೆ ನುಡಿಸಿ ಹಣ ಹಂಚಿಕೊಳ್ಳುವ ತಂಡದವರು ಇದನ್ನು ತಿಳಿದಿರಬೇಕು.

ಹಾಡಿನ ರಚನೆ ಎಂದರೆ ಎಲ್ಲಿಂದ ಎಲ್ಲಿಯವರೆಗೆ ಎಂಬುದು ನಿಜವಾಗಿಯೂ ಕಷ್ಟದ ಪ್ರಶ್ನೆ. ಯಕ್ಷಗಾನ ನೋಡಿ ಬೆಳೆದ ನಮ್ಮ ಊರಿನವರಿಗೆ ಅದು ಹೊಸದೇನಲ್ಲ: ಕೃತಿ ಪ್ರಸಂಗಕರ್ತರದು, ಆದರೆ ಪದ್ಯಕ್ಕೆ ಭಾಗವತರು ಹಾಕಿದ ಹೊಸ ರಾಗ, ಮದ್ದಳೆಗಾರರ ಬಿಡ್ತಿಗೆ ಕೃತಿಯ ಲೆಕ್ಕಕ್ಕೆ ಸೇರುವುದಿಲ್ಲ. ಪ್ರೋಕಲ್ ಹಾರಮ್ ತಂಡದ 1967ರ ಹಾಡು ‘ಎ ವೈಟರ್ ಶೇಡ್ ಆಫ್ ಪೇಲ್’ನ ಆರ್ಗನ್ ಭಾಗ ಕೇಳಿದೊಡನೆ ಹಾಡು ಗುರುತು ಸಿಗುತ್ತದೆ. ಅದನ್ನು ಕಟ್ಟಿದ ಮ್ಯಾಥ್ಯೂ ಫಿಶರ್ ನ್ಯಾಯಾಲಯಕ್ಕೆ ಹೋದದ್ದು 2005ರಲ್ಲಿ. ಸಂಗೀತದಲ್ಲಿ 40 ಶೇಕಡಾ ಪಾಲು ಅಂತಿಮವಾಗಿ ಗಟ್ಟಿಯಾದದ್ದು 2009ರಲ್ಲಿ. ಹಣ ಸಿಗುವುದು ದಾವೆ ಹೂಡಿದ ಮೇಲಿನದು ಮಾತ್ರ. ಹಿಂದಿನ 38 ವರ್ಷದ್ದು ಕೈಬಿಟ್ಟಂತೆಯೇ.

ಹಾಗಾಗಿ ಹಾಡು ಹುಟ್ಟಿದ ಸಂಜೆಯೇ ಸ್ಪ್ಲಿಟ್ ಶೀಟ್, ಎಂದರೆ ಪಾಲಿನ ಪಟ್ಟಿ, ಬರೆಯಿರಿ. ಒಂದು ಹಾಳೆ ಸಾಕು. ಹಾಡಿನ ಹೆಸರು, ದಿನಾಂಕ, ಎಲ್ಲರ ಪೂರ್ಣ ಹೆಸರು, ಯಾರು ಏನು ಕಟ್ಟಿದರು, ಯಾರಿಗೆ ಎಷ್ಟು ಶೇಕಡಾ. ಕೂಡಿದರೆ ಸರಿಯಾಗಿ 100 ಆಗಬೇಕು. ಸಾಹಿತ್ಯಕ್ಕೆ 50, ಟ್ಯೂನ್‌ಗೆ 30, ರಿಫ್‌ಗೆ (ಮರುಕಳಿಸುವ ಗಿಟಾರ್ ತುಣುಕಿಗೆ) 12, ಬೇಸ್ ಲೈನ್‌ಗೆ 8 ಎಂದೂ ಇರಬಹುದು. ನಾಲ್ವರಿಗೆ ತಲಾ 25 ಎಂದೂ ಇರಬಹುದು. ಆರ್.ಇ.ಎಂ. ತಂಡ ಹಾಡುಗಳಿಗೆ ಎಲ್ಲ ಸದಸ್ಯರ ಹೆಸರನ್ನೂ ಹಾಕುತ್ತಿತ್ತು. 1980ರಲ್ಲಿ ಶುರುವಾದ ಅವರು 2011ರಲ್ಲಿ ಬೇರೆಯಾದದ್ದು ಜಗಳವಿಲ್ಲದೆ. ಹೊಸ ತಂಡಕ್ಕೆ ಸಮಪಾಲೇ ಒಳ್ಳೆಯದು ಎಂಬುದು ನಮ್ಮ ಅಭಿಪ್ರಾಯ. ಅದು ಬೇಡವೆಂದರೆ ಒಂದು ಪರೀಕ್ಷೆ ಇದೆ: ಆ ಭಾಗ ತೆಗೆದರೆ ಕೇಳುಗರಿಗೆ ಹಾಡು ಗುರುತು ಸಿಗುತ್ತದೆಯೇ? ಇಲ್ಲವೆಂದಾದರೆ ಅದನ್ನು ಕಟ್ಟಿದವರು ರಚನೆಕಾರರೇ. ಫೋನಿನಲ್ಲಿ ಮುದ್ರಿಸಿದ ಮೊದಲ ಜ್ಯಾಮ್ (ಒಟ್ಟಿಗೆ ನುಡಿಸಿ ನೋಡಿದ್ದು) ಅಳಿಸಬೇಡಿ. ಶೀಟಿನ ಫೋಟೊ ಸಮೇತ ಅವತ್ತೇ ತಂಡದ ವಾಟ್ಸ್ಆ್ಯಪ್ ಗುಂಪಿಗೆ ಹಾಕಿ. ಆರು ತಿಂಗಳ ಬಳಿಕ ನೆನಪಿನಿಂದ ಬರೆದ ಶೀಟ್ ಇನ್ನೊಂದು ಜಗಳಕ್ಕೆ ದಾರಿ.

ಹೆಚ್ಚಾಗಿ ಕೆಡುವುದು ಅಪ್‌ಲೋಡ್ ಮಾಡುವಾಗ. ಸ್ಟ್ರೀಮಿಂಗ್‌ಗೆ ಹಾಕುವ ಖಾತೆ ಒಬ್ಬರ ಹೆಸರಲ್ಲಿ, ಅವರದೇ ಪ್ಯಾನ್, ಅವರದೇ ಬ್ಯಾಂಕ್ ಖಾತೆ; ಲೆಕ್ಕ ಮಿಕ್ಕವರ ಕಣ್ಣಿಗೆ ಬೀಳುವುದಿಲ್ಲ. ಸ್ಟುಡಿಯೊ ಬಿಲ್ ಕಟ್ಟಿದವರು ಯಾರು, ಮಾಸ್ಟರ್ ರೆಕಾರ್ಡಿಂಗ್ (ಮೂಲ ಧ್ವನಿಮುದ್ರಿಕೆ) ಯಾರದು ಎಂಬುದಕ್ಕೆ ಬೇರೆಯೇ ಹಾಳೆ ಮಾಡಿ. ಬಿಟ್ಟು ಹೋದವರಿಗೆ ಹಳೆಯ ಹಾಡಿನ ಪಾಲು ಮುಂದುವರಿಯುತ್ತದೆ, ಹೊಸ ಕಾರ್ಯಕ್ರಮದ ಪಾಲು ಇಲ್ಲ ಎಂದು ಅದರಲ್ಲೇ ಬರೆಯಬಹುದು. ತಂಡದ ಹೆಸರು ಯಾರಿಗೆ ಉಳಿಯುತ್ತದೆ ಎಂಬುದನ್ನೂ ಬಿಡಬೇಡಿ. ರೋಜರ್ ವಾಟರ್ಸ್ 1985ರಲ್ಲಿ ಪಿಂಕ್ ಫ್ಲಾಯ್ಡ್ ತಂಡ ಬಿಟ್ಟ ಮೇಲೆ ಕಾನೂನು ಹೋರಾಟ ನಡೆದದ್ದು ಹೆಸರಿಗಾಗಿ. ನಮ್ಮಲ್ಲಿ ಮನರಂಜನಾ ಸೇವೆಗಳ ಟ್ರೇಡ್‌ಮಾರ್ಕ್ ನೋಂದಣಿ 41ನೇ ವರ್ಗದಲ್ಲಿ ಆಗುತ್ತದೆ.

ಸಾಹಿತ್ಯ, ಸಂಗೀತ ರಚಿಸಿದವರು ಐಪಿಆರ್‌ಎಸ್ (ರಚನೆಕಾರರ ಪರವಾಗಿ ರಾಯಲ್ಟಿ ಸಂಗ್ರಹಿಸುವ ಸಂಸ್ಥೆ) ಸದಸ್ಯರಾಗಿ ಪ್ರತಿ ಹಾಡನ್ನೂ ಅಲ್ಲಿ ದಾಖಲಿಸಬೇಕು. ಶೀಟಿನಲ್ಲಿ ಇರುವ ಶೇಕಡಾವಾರೇ ಅಲ್ಲಿಯೂ ಇರಬೇಕು. ಧ್ವನಿಮುದ್ರಿಕೆಯಲ್ಲಿ ಸೇರಿದ ರಚನೆಯ ರಾಯಲ್ಟಿ ಹಕ್ಕನ್ನು ರಚನೆಕಾರರು ಕಂಪನಿಗೆ ಬಿಟ್ಟುಕೊಡುವಂತಿಲ್ಲ ಎಂದು 2012ರ ಕೃತಿಸ್ವಾಮ್ಯ ತಿದ್ದುಪಡಿ ಹೇಳುತ್ತದೆ. ‘ಒಂದೇ ಸಲಕ್ಕೆ ಇಷ್ಟು ಹಣ, ಆಮೇಲೆ ಏನೂ ಕೇಳಬೇಡಿ’ ಎನ್ನುವ ಕಾಗದಕ್ಕೆ ಸಹಿ ಹಾಕುವ ಮೊದಲು ವಕೀಲರಿಗೆ ತೋರಿಸಿ.

ಪತ್ರಿಕೆಯಲ್ಲಿ ಕೋರಿಕೆ ಇಷ್ಟೇ. ಮುಂದಿನ ಆತ್ಮಕಥೆಯ ಬಗ್ಗೆ ಬರೆಸುವಾಗ ಎದುರು ಪಕ್ಷದ ಪುಸ್ತಕವಿದ್ದರೆ ಅದನ್ನೂ, ತೀರ್ಪಿದ್ದರೆ ಅದರ ಸಾರವನ್ನೂ ಪಕ್ಕದಲ್ಲೇ ಕೊಡಿ. ಕರಾವಳಿ ಆವೃತ್ತಿಯಲ್ಲಿ ಸ್ಪ್ಲಿಟ್ ಶೀಟಿನ ಮಾದರಿಯೊಂದನ್ನು ಕತ್ತರಿಸಿ ಇಟ್ಟುಕೊಳ್ಳುವಂತೆ ಅಚ್ಚು ಹಾಕಿದರೆ ಇಲ್ಲಿನ ತಂಡಗಳಿಗೆ ನೇರ ಉಪಯೋಗವಾಗುತ್ತದೆ.

– ಸಂಗೀತ ತಂಡವೊಂದರ ಸದಸ್ಯರು, ಮಂಗಳೂರು